ಎಳೆಗೂಸಿನ ಸಂಜೆಯ ಅಳು: ಮದ್ದು ಯಾವುದು?

ಬೆಳಗಿನಿಂದ ಹಾಲು ಕುಡಿದು, ಮಲಗಿ, ಎದ್ದು, ಕೈಕಾಲು ಆಡಿಸಿಕೊಂಡು ಸುಖವಾಗಿದ್ದ ತಿಂಗಳ ಕೂಸು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕಿರುಚಲು ಪ್ರಾರಂಭಿಸುತ್ತದೆ. ಮುಖ ಕೆಂಪೇರುತ್ತದೆ. ಮುಷ್ಟಿ ಬಿಗಿಯುತ್ತದೆ. ಕಾಲುಗಳನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳುತ್ತದೆ. ಹೊಟ್ಟೆ ಮುಟ್ಟಿ ನೋಡಿದರೆ ಕಲ್ಲಿನಂತೆ ಗಟ್ಟಿ. ಎದೆಗೆ ಹಾಕಿಕೊಂಡರೆ ನಾಲ್ಕು ಗುಟುಕು ಕುಡಿದು ಬಿಟ್ಟು ಮತ್ತೆ ಅಳುತ್ತದೆ. ಎತ್ತಿಕೊಂಡರೂ ಅಳು, ತೊಟ್ಟಿಲಿಗೆ ಹಾಕಿದರೂ ಅಳು. ಎರಡು ಮೂರು ಗಂಟೆ ಮನೆಮಂದಿಯನ್ನೆಲ್ಲ ಕುಣಿಸಿ, ಏನೂ ಆಗಿಯೇ ಇಲ್ಲವೆಂಬಂತೆ ನಿದ್ದೆ ಹೋಗುತ್ತದೆ. ಮರುದಿನ ಅದೇ ಹೊತ್ತಿಗೆ ಮತ್ತೆ ಅದೇ ಕಥೆ.

ಅಷ್ಟರಲ್ಲಿ ಮನೆಯಲ್ಲಿ ಚಿಕಿತ್ಸೆಗಳ ಸಾಲು ಶುರುವಾಗಿರುತ್ತದೆ. ಅಜ್ಜಿ ಓಮದ ನೀರು ಹಾಕಿ ಎನ್ನುತ್ತಾರೆ. ಪಕ್ಕದ ಮನೆಯವರು ಬಜೆ ತೇಯ್ದು ನೆಕ್ಕಿಸಿ ಎನ್ನುತ್ತಾರೆ. ಮಗುವಿನ ತಂದೆ ಔಷಧಿ ಅಂಗಡಿಗೆ ಹೋಗಿ ಗ್ರೈಪ್ ವಾಟರ್ ತರುತ್ತಾರೆ. ‘ಇವಳೇ ಏನೋ ತಿನ್ನಬಾರದ್ದು ತಿಂದಿದ್ದಾಳೆ’ ಎಂದು ಬಾಣಂತಿಯ ಮೇಲೆ ಇನ್ನೊಬ್ಬರ ಆಪಾದನೆ. ದೃಷ್ಟಿ ತೆಗೆಯುವುದಂತೂ ಮೊದಲ ದಿನವೇ ಆಗಿರುತ್ತದೆ. (ದೃಷ್ಟಿ ತೆಗೆದರೆ ಮಗುವಿನ ಹೊಟ್ಟೆಗೆ ಏನೂ ಹೋಗುವುದಿಲ್ಲವಾದ್ದರಿಂದ ನನ್ನ ತಕರಾರಿಲ್ಲ, ಮೆಣಸಿನಕಾಯಿ ಸುಟ್ಟ ಘಾಟು ಕೂಸಿನ ಮೂಗಿಗೆ ಬರದಂತೆ ನೋಡಿಕೊಂಡರೆ ಸಾಕು.) ಉಳಿದವುಗಳಲ್ಲಿ ಯಾವುದು ಉಪಯುಕ್ತ, ಯಾವುದು ವ್ಯರ್ಥ, ಯಾವುದು ಅಪಾಯಕಾರಿ ಎಂಬುದನ್ನು ಈ ವಾರ ನೋಡೋಣ.

ಹಳೆಯ ಕಾಲದ ತೊಂದರೆ

ವೈದ್ಯರು ಇದನ್ನು ‘ಕೋಲಿಕ್’ ಎನ್ನುತ್ತಾರೆ. ದೊಡ್ಡ ಕರುಳಿಗೆ ಗ್ರೀಕ್ ಭಾಷೆಯಲ್ಲಿರುವ ಹೆಸರಿನಿಂದ ಬಂದ ಪದ ಇದು. ನಮ್ಮ ಕಡೆ ಹೊಟ್ಟೆನುಲಿತ, ಹೊಟ್ಟೆಶೂಲೆ ಎಂಬ ಮಾತುಗಳಿವೆ. ಮಕ್ಕಳ ಚಿಕಿತ್ಸೆಗೆ ಮೀಸಲಾದ ಪ್ರಾಚೀನ ಆಯುರ್ವೇದ ಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ, ಮಾತು ಬಾರದ ಮಗುವಿಗೆ ಎಲ್ಲಿ ನೋವಿದೆಯೆಂದು ತಿಳಿಯುವುದು ಹೇಗೆ ಎಂಬುದಕ್ಕೇ ಒಂದು ಅಧ್ಯಾಯವಿದೆ. ಹೊಟ್ಟೆಶೂಲೆಯ ಮಗು ಮೊಲೆ ಬಿಟ್ಟು ಅಳುತ್ತದೆ, ಹೊಟ್ಟೆ ಬಿಗಿಯಾಗಿರುತ್ತದೆ, ಮುಖ ಬೆವರುತ್ತದೆ ಎಂದು ಅಲ್ಲಿ ಹೇಳಿದೆ. ಇಂದಿನ ಯಾವ ತಾಯಿಯನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ.

1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಮೋರಿಸ್ ವೆಸೆಲ್ ಮತ್ತು ಅವರ ಜೊತೆಗಾರರು ಇದಕ್ಕೊಂದು ಅಳತೆಗೋಲು ಕೊಟ್ಟರು. ಹಾಲು ಕುಡಿದು ಆರೋಗ್ಯವಾಗಿರುವ ಮಗು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು ಕಾಲ ಅತ್ತರೆ ಅದು ಕೋಲಿಕ್. ಈ ‘ಮೂರರ ಸೂತ್ರ’ವನ್ನು ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಿದ್ದರು. ಆದರೆ ಮೂರು ವಾರ ಗಡಿಯಾರ ಹಿಡಿದು ಕಾಯುವ ತಾಳ್ಮೆ ಯಾವ ಮನೆಯಲ್ಲಿದೆ? 2016ರಲ್ಲಿ ತಜ್ಞರು ಸೇರಿ ಚಿಕಿತ್ಸೆಯ ಮಟ್ಟಿಗೆ ಈ ಗಂಟೆಗಳ ಲೆಕ್ಕವನ್ನು ಕೈಬಿಟ್ಟರು. ಐದು ತಿಂಗಳೊಳಗಿನ ಮಗು ಸ್ಪಷ್ಟ ಕಾರಣವಿಲ್ಲದೆ ಪದೇಪದೇ ದೀರ್ಘವಾಗಿ ಅಳುತ್ತಿದ್ದು, ಮನೆಯವರು ಏನು ಮಾಡಿದರೂ ಸಮಾಧಾನವಾಗದಿದ್ದರೆ, ಜ್ವರ, ಕಾಯಿಲೆ ಇಲ್ಲದೆ ಮೈ ತೂಕ ಸರಿಯಾಗಿ ಏರುತ್ತಿದ್ದರೆ, ಅದನ್ನು ಕೋಲಿಕ್ ಎಂದು ಕರೆಯಬಹುದು.

ತಂದೆತಾಯಂದಿರಿಗೆ ಇದಕ್ಕಿಂತ ಉಪಯೋಗವಾಗುವುದು 1962ರಲ್ಲಿ ಡಾ. ಬ್ರೇಜಲ್‌ಟನ್ ಪ್ರಕಟಿಸಿದ ಲೆಕ್ಕ. ಅವರು 80 ತಾಯಂದಿರಿಂದ ಮಗುವಿನ ಅಳುವಿನ ದಿನಚರಿ ಬರೆಸಿದರು. ಅವು ಕಾಯಿಲೆಯ ಮಕ್ಕಳಲ್ಲ, ಚೆನ್ನಾಗಿದ್ದ ಮಕ್ಕಳು. ಎರಡನೆಯ ವಾರದಿಂದ ಅಳು ಏರುತ್ತ ಹೋಗಿ ಆರನೆಯ ವಾರದ ಹೊತ್ತಿಗೆ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆಗೆ ಮುಟ್ಟಿತ್ತು. ಅಲ್ಲಿಂದ ತಾನಾಗಿಯೇ ಇಳಿಯಿತು. ಸಂಜೆಯ ಹೊತ್ತಿನಲ್ಲೇ ಹೆಚ್ಚು. ಆಫ್ರಿಕಾದ ಕಲಹರಿ ಪ್ರದೇಶದ ಸಾನ್ ಜನರು ಮಕ್ಕಳನ್ನು ದಿನವಿಡೀ ಮೈಗೆ ಕಟ್ಟಿಕೊಂಡು ಓಡಾಡುತ್ತಾರೆ, ಅತ್ತ ಕೂಡಲೇ ಮೊಲೆ ಕೊಡುತ್ತಾರೆ. ಅವರ ಮಕ್ಕಳಲ್ಲೂ ಮೊದಲ ಮೂರು ತಿಂಗಳಲ್ಲೇ ಅಳು ಹೆಚ್ಚೆಂದು 1991ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ವ್ಯತ್ಯಾಸವೆಂದರೆ ಅಲ್ಲಿ ಪ್ರತಿ ಸಲದ ಅಳು ಬೇಗ ನಿಲ್ಲುತ್ತದೆ. ಅಂದರೆ ಈ ಏರಿಳಿತ ನಿಮ್ಮ ಮನೆಯ ದೋಷವಲ್ಲ, ಬೆಳೆಯುವ ಕೂಸಿನ ಸ್ವಭಾವ. ಕೋಲಿಕ್ ಮಗುವಿನಲ್ಲಿ ಅದೇ ಏರು ಹೆಚ್ಚು ಕಡಿದಾಗಿರುತ್ತದೆ, ಅಷ್ಟೆ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಈ ವಾರಗಳನ್ನು ಹುಟ್ಟಿದ ದಿನದಿಂದಲ್ಲ, ವೈದ್ಯರು ಕೊಟ್ಟಿದ್ದ ಹೆರಿಗೆಯ ದಿನಾಂಕದಿಂದ ಎಣಿಸಬೇಕು.

ಕಾರಣವೇನು? ಖಚಿತವಾದ ಒಂದೇ ಕಾರಣ ಇದುವರೆಗೆ ಸಿಕ್ಕಿಲ್ಲ. ಹೊಟ್ಟೆಯಲ್ಲಿ ವಾಯು ತುಂಬಿರುವುದು ನಿಜ. ಆದರೆ ಅಳುವಾಗ ಮಗು ಗಾಳಿ ನುಂಗುತ್ತದೆ. ಹೀಗಾಗಿ ವಾಯುವಿನಿಂದ ಅಳು ಬಂತೋ, ಅಳುವಿನಿಂದ ವಾಯು ತುಂಬಿತೋ ಹೇಳುವುದು ಕಷ್ಟ. ಇನ್ನೂ ಪಕ್ವವಾಗದ ಕರುಳು, ಅದರೊಳಗಿನ ಸೂಕ್ಷ್ಮಜೀವಿಗಳು, ದಿನದ ಗದ್ದಲದಿಂದ ದಣಿದ ನರಮಂಡಲ, ಹೀಗೆ ಹಲವು ಊಹೆಗಳಿವೆ. ಎದೆಹಾಲು ಕುಡಿಯುವ ಮಕ್ಕಳಿಗೂ ಡಬ್ಬಿ ಹಾಲಿನ ಮಕ್ಕಳಿಗೂ ಇದು ಬರುತ್ತದೆ.

ಮೊದಲು ಕಾಯಿಲೆಯಲ್ಲವೆಂದು ಖಚಿತವಾಗಲಿ

ಎಲ್ಲ ಅಳುವನ್ನೂ ‘ಹೊಟ್ಟೆನೋವು’ ಎಂದು ತಳ್ಳಿಹಾಕುವುದು ದೊಡ್ಡ ತಪ್ಪು. ಮಗುವಿನ ಬಟ್ಟೆಯನ್ನೆಲ್ಲ ಬಿಚ್ಚಿ ಬೆಳಕಿನಲ್ಲಿ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ. ಉಡಿದಾರ ಬಿಗಿಯಾಗಿದೆಯೇ? ಬಳೆಯ ಅಂಚು ಚುಚ್ಚುತ್ತಿದೆಯೇ? ಬಾಣಂತಿಯ ಕೂದಲು ಉದುರುವ ಕಾಲವದು. ಒಂದು ಕೂದಲೆಳೆ ಕೂಸಿನ ಕಾಲ್ಬೆರಳಿಗೋ, ಗಂಡುಮಗುವಿನ ಜನನಾಂಗಕ್ಕೋ ಸುತ್ತಿಕೊಂಡು ರಕ್ತ ಸಂಚಾರ ನಿಲ್ಲಿಸಿಬಿಡಬಹುದು. ಬೆರಳು ಕೆಂಪಾಗಿ ಊದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತೊಡೆಸಂದಿನಲ್ಲಿ ಗಟ್ಟಿಯಾದ ಗಂಟು ಕಂಡರೆ ಅದು ಸಿಕ್ಕಿಹಾಕಿಕೊಂಡ ಹರ್ನಿಯಾ ಇರಬಹುದು.

ಮೂರು ತಿಂಗಳೊಳಗಿನ ಮಗುವಿನ ಮೈ ಶಾಖ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ರಾತ್ರಿಯಾಗಿದ್ದರೂ ಅಂದೇ ವೈದ್ಯರಿಗೆ ತೋರಿಸಬೇಕು. ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ, ಊದಿಕೊಂಡೇ ಇರುವ ಹೊಟ್ಟೆ, ಉಬ್ಬಿದ ನೆತ್ತಿ, ಹಾಲು ಪೂರ್ತಿ ಬಿಡುವುದು, ಎಬ್ಬಿಸಿದರೂ ಏಳದ ಮಂಪರು, ಉಸಿರಾಟದಲ್ಲಿ ಏದುಸಿರು, ಫಿಟ್ಸ್, ಇವೆಲ್ಲ ಕೂಡಲೇ ತೋರಿಸಬೇಕಾದ ಲಕ್ಷಣಗಳು. ನಾಲ್ಕೈದು ತಿಂಗಳು ದಾಟಿದ ಮಗು ಇದ್ದಕ್ಕಿದ್ದಂತೆ ಬಿಟ್ಟುಬಿಟ್ಟು ಚೀರತೊಡಗಿದರೆ, ನಡುವೆ ಬಿಳಿಚಿಕೊಂಡು ಸುಸ್ತಾಗಿ ಬಿದ್ದರೆ, ಅದನ್ನು ಕೋಲಿಕ್ ಎಂದು ಭಾವಿಸಬೇಡಿ. ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಂಡಿರಬಹುದು. ಇದಕ್ಕೆ ಗಂಟೆಗಳೊಳಗೆ ಚಿಕಿತ್ಸೆ ಬೇಕು.

ಹಸಿವಿನಿಂದ ಅಳುವ ಮಗುವೂ ಕೋಲಿಕ್ ಮಗುವಿನಂತೆಯೇ ಕಾಣುತ್ತದೆ. ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದೆಯೇ ನೋಡಿ. ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ತೂಕ ಹಾಕಿಸಿ. ಈ ವಯಸ್ಸಿನಲ್ಲಿ ವಾರಕ್ಕೆ 150ರಿಂದ 200 ಗ್ರಾಂ ಏರುತ್ತಿದ್ದರೆ ಹಾಲಿಗೆ ಕೊರತೆಯಿಲ್ಲ.

ಬಾಯಿಗೆ ಹಾಕುವ ಮದ್ದುಗಳು

ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನಲ್ಲಿ, ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿಯ ಕೈಯಲ್ಲಿ. ಆಗ ಅದರಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಗಳ ಜೊತೆ ಮದ್ಯಸಾರವೂ ಇತ್ತು. ಮಕ್ಕಳು ಸುಮ್ಮನಾಗುತ್ತಿದ್ದುದರಲ್ಲಿ ಆಶ್ಚರ್ಯವೇನಿದೆ! ಮದ್ಯಸಾರವನ್ನು ಮುಂದೆ ತೆಗೆದುಹಾಕಿದರು, ಹೆಸರು ಮಾತ್ರ ಉಳಿಯಿತು. ಇಂದಿನ ಗ್ರೈಪ್ ವಾಟರ್ ಕೋಲಿಕ್ ಅನ್ನು ಗುಣಪಡಿಸುತ್ತದೆ ಎನ್ನಲು ಭದ್ರವಾದ ಆಧಾರವಿಲ್ಲ. ಸಿಹಿ ನಾಲಿಗೆಗೆ ತಾಗಿದಾಗ ಕೂಸು ಕೆಲವು ನಿಮಿಷ ಅಳು ನಿಲ್ಲಿಸುತ್ತದೆ. ಅದನ್ನೇ ನಾವು ಗುಣವೆಂದು ತಿಳಿಯುತ್ತೇವೆ. ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಡವೆನ್ನುವಾಗ ಇದನ್ನು ದಿನಕ್ಕೆ ಮೂರು ಚಮಚ ಹಾಕುವುದು ಏಕೆ? ಸರಿಯಾಗಿ ತೊಳೆಯದ ಚಮಚ, ಒಳಲೆಗಳಿಂದ ಭೇದಿ ಬಂದರೆ ಹೊಟ್ಟೆನೋವಿನ ಜೊತೆಗೆ ಇನ್ನೊಂದು ಕಷ್ಟ.

ಔಷಧಿ ಅಂಗಡಿಯ ಹನಿ ಔಷಧಿಗಳಲ್ಲಿ ಸಿಮೆಥಿಕೋನ್ ಎಂಬುದು ವಾಯುಗುಳ್ಳೆಗಳನ್ನು ಒಡೆಯುವ ಮದ್ದು. ಇದರಿಂದ ಹಾನಿ ಇಲ್ಲವೆನ್ನಬಹುದು, ಆದರೆ ಲಾಭ? 1994ರಲ್ಲಿ ಅಮೆರಿಕದಲ್ಲಿ 83 ಶಿಶುಗಳ ಮೇಲೆ ಪರೀಕ್ಷೆ ಮಾಡಿದರು. ಸಿಮೆಥಿಕೋನ್ ಹನಿಯನ್ನೂ, ಅದರಂತೆಯೇ ಕಾಣುವ ಹುಸಿ ಔಷಧಿಯನ್ನೂ ಸರದಿಯಂತೆ ಕೊಟ್ಟಾಗ ಎರಡರಲ್ಲೂ ಬಹಳ ಮಕ್ಕಳಿಗೆ ‘ವಾಸಿ’ ಎನಿಸಿತು. ನಿಜ ಔಷಧಿ ಹುಸಿಯದಕ್ಕಿಂತ ಮೇಲಾಗಲಿಲ್ಲ. ಈ ಪರೀಕ್ಷೆಯನ್ನು ನಾನು ಪದೇಪದೇ ತಂದೆತಾಯಂದಿರಿಗೆ ಹೇಳುತ್ತೇನೆ. ತಾನಾಗಿ ಏರಿ ತಾನಾಗಿ ಇಳಿಯುವ ತೊಂದರೆಗೆ ಏರಿದ ದಿನ ಏನು ಕೊಟ್ಟರೂ, ಇಳಿದ ದಿನ ಅದಕ್ಕೇ ಕೀರ್ತಿ ಸಲ್ಲುತ್ತದೆ. ಅಜ್ಜಿಯ ಓಮಕ್ಕೂ ಅಷ್ಟೆ, ಡಾಕ್ಟರ ಹನಿಗೂ ಅಷ್ಟೆ.

ಡೈಸೈಕ್ಲೊಮಿನ್ ಎಂಬ ಇನ್ನೊಂದು ಔಷಧಿಯ ವಿಷಯ ಹಾಗಲ್ಲ. ಅದು ಕರುಳಿನ ಸೆಳೆತವನ್ನು ನಿಜಕ್ಕೂ ಕಡಿಮೆ ಮಾಡುತ್ತದೆ, ಅಳುವನ್ನೂ ತಗ್ಗಿಸುತ್ತದೆ. ಆದರೆ ಎಳೆಯ ಮಕ್ಕಳಲ್ಲಿ ಉಸಿರು ಕಟ್ಟಿದ್ದು, ಫಿಟ್ಸ್ ಬಂದದ್ದು, ಪ್ರಜ್ಞೆ ತಪ್ಪಿದ್ದು ವರದಿಯಾದ ಮೇಲೆ ಆರು ತಿಂಗಳೊಳಗಿನ ಮಕ್ಕಳಿಗೆ ಕೊಡಬಾರದೆಂದು ತೀರ್ಮಾನವಾಗಿದೆ. ಕೋಲಿಕ್ ಬರುವುದೇ ಆ ವಯಸ್ಸಿನಲ್ಲಿ! ಅಣ್ಣನಿಗೋ ಅಕ್ಕನಿಗೋ ತಂದು ಉಳಿದ ‘ಹೊಟ್ಟೆನೋವಿನ ಹನಿ’ ಮನೆಯಲ್ಲಿದ್ದರೆ ಅದರ ಚೀಟಿಯಲ್ಲಿ ಈ ಹೆಸರಿದೆಯೇ ನೋಡಿ. ಅಂಗಡಿಯವರನ್ನು ಕೇಳಿ ಇಂಥ ಹನಿ ತರುವುದೂ ಬೇಡ.

ಇತ್ತೀಚೆಗೆ ಮೊಸರಿನ ಬ್ಯಾಕ್ಟೀರಿಯಾಗಳ ಬಂಧುವಾದ ‘ಲ್ಯಾಕ್ಟೊಬ್ಯಾಸಿಲಸ್ ರಾಯ್ಟೆರಿ’ ಎಂಬ ಉಪಕಾರಿ ಸೂಕ್ಷ್ಮಜೀವಿಯ ಹನಿಗಳು ಬಂದಿವೆ. ಹಲವು ಪರೀಕ್ಷೆಗಳನ್ನು ಒಟ್ಟು ಸೇರಿಸಿ 2018ರಲ್ಲಿ ನೋಡಿದಾಗ, ಬರೀ ಎದೆಹಾಲು ಕುಡಿಯುವ ಮಕ್ಕಳಲ್ಲಿ ಅಳು ಸ್ವಲ್ಪ ಕಡಿಮೆಯಾದುದು ಕಂಡುಬಂತು. ಡಬ್ಬಿ ಹಾಲಿನ ಮಕ್ಕಳ ಬಗ್ಗೆ ಅದೇ ಮಾತು ಹೇಳುವಂತಿರಲಿಲ್ಲ. ಬೇಕೆನಿಸಿದರೆ ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ ಕೊಡಬಹುದು. ಇದನ್ನು ಕೊಡದಿದ್ದರೆ ಮಗುವಿಗೆ ಅನ್ಯಾಯವಾಯಿತೆಂದು ಕೊರಗಬೇಕಿಲ್ಲ.

ಇನ್ನು ಮನೆಮದ್ದು. ಬಜೆಯನ್ನು ಸುಟ್ಟೋ ಹಾಗೆಯೋ ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿ ಬಹಳ. ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ಅಂಶ ಇಲಿಗಳಲ್ಲಿ ಕ್ಯಾನ್ಸರ್ ತರುತ್ತದೆಂದು ತಿಳಿದಮೇಲೆ 1968ರಲ್ಲಿ ಅಮೆರಿಕ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ಮದ್ದು ಹೊಟ್ಟೆಗೆ ಹೋಗುತ್ತದೆಂದು ಯಾರೂ ಅಳೆಯಲಾರರು. ಬಜೆಗೆ ಜೇನು ಬೆರೆಸುವುದು ಇನ್ನೂ ಕೆಟ್ಟದ್ದು. ಜೇನಿನಲ್ಲಿ ಇರಬಹುದಾದ ರೋಗಾಣುವಿನಿಂದ ಶಿಶುವಿನ ಸ್ನಾಯುಗಳೇ ಸೋತುಹೋಗುವ ಬಾಟ್ಯುಲಿಸಂ ಕಾಯಿಲೆ ಬರಬಹುದು. ವರ್ಷ ತುಂಬುವವರೆಗೆ ಜೇನು ನಿಷಿದ್ಧ. ಇಂಗು ಕುಡಿಸಿದ ಐದು ವಾರದ ಮಗುವಿನ ರಕ್ತ ಆಮ್ಲಜನಕ ಹೊರಲಾರದ ಸ್ಥಿತಿಗೆ ಬಂದದ್ದು 1984ರಲ್ಲಿ ವೈದ್ಯ ಪತ್ರಿಕೆಯಲ್ಲಿ ದಾಖಲಾಗಿದೆ. ಬಾಯಿ ತೆರೆಸಿ ಹರಳೆಣ್ಣೆ ಹುಯ್ಯುವುದು, ಮೂಗಿಗೆ ಎಣ್ಣೆ ಬಿಡುವುದು, ಇವುಗಳಿಂದ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಪುಲಾವಿಗೆ ಹಾಕುವ ಚಕ್ರಮೊಗ್ಗಿನ ಕಷಾಯವೂ ಬೇಡ. ಅದರಂತೆಯೇ ಕಾಣುವ ವಿಷದ ಜಾತಿಯೊಂದಿದೆ. ಅದು ಬೆರೆತ ಕಷಾಯ ಕುಡಿದ ಶಿಶುಗಳಿಗೆ ಫಿಟ್ಸ್ ಬಂದ ಪ್ರಕರಣಗಳ ಮೇಲೆ 2003ರಲ್ಲಿ ಅಮೆರಿಕದ ಔಷಧಿ ಇಲಾಖೆ ಎಚ್ಚರಿಕೆ ಕೊಟ್ಟಿತ್ತು.

ಎಲ್ಲಕ್ಕಿಂತ ಘೋರವಾದುದು ಬರೆ ಹಾಕಿಸುವುದು. ಉತ್ತರ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ, ದೇಶದ ಬೇರೆ ಕಡೆಗಳಲ್ಲೂ, ಕಾಸಿದ ಕಬ್ಬಿಣವನ್ನೋ ಬಳೆ ಚೂರನ್ನೋ ಕೂಸಿನ ಹೊಟ್ಟೆಗೆ ಮುಟ್ಟಿಸುವುದು ಇನ್ನೂ ನಿಂತಿಲ್ಲ. ಸುಟ್ಟ ನೋವಿಗೆ ಬೆದರಿ ಬಳಲಿದ ಮಗು ಸುಮ್ಮನಾಗುತ್ತದೆ. ಗಾಯ ಕೀವಾಗಿ ನಂಜು ರಕ್ತಕ್ಕೆ ಸೇರಿದರೆ ಜೀವ ಹೋಗುತ್ತದೆ. ಇದು ಚಿಕಿತ್ಸೆಯಲ್ಲ, ಹಿಂಸೆ. ನಿಮ್ಮ ಮನೆಯಲ್ಲಿ ಹಿರಿಯರು ಇದನ್ನು ಸೂಚಿಸಿದರೆ ವಿನಯದಿಂದಲೇ ಆದರೂ ಖಡಾಖಂಡಿತವಾಗಿ ನಿರಾಕರಿಸಿ.

ಹಾಗೆಂದು ಅಜ್ಜಿಯರ ಎಲ್ಲ ತಿಳಿವಳಿಕೆಯನ್ನೂ ತಳ್ಳಿಹಾಕಬೇಕಿಲ್ಲ. ಹೊಕ್ಕುಳ ಬಳ್ಳಿ ಬಿದ್ದು ಗಾಯ ಪೂರ್ತಿ ಒಣಗಿದ್ದರೆ, ವೀಳ್ಯದೆಲೆಗೆ ಎಣ್ಣೆ ಸವರಿ ಉಗುರುಬೆಚ್ಚಗೆ ಮಾಡಿ ಹೊಟ್ಟೆಯ ಮೇಲಿಡುವುದರಲ್ಲಿ ತಪ್ಪಿಲ್ಲ. ಎಲೆಯನ್ನು ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಒತ್ತಿ ನೋಡಿ. ನಿಮಗೆ ಬಿಸಿ ಎನಿಸಿದರೆ ಕೂಸಿಗೆ ಅದು ಸುಡುವ ಬಿಸಿ.

ತಾಯಿಯ ಊಟದ ಮೇಲೆ ಆರೋಪ

ಬಾಣಂತಿಗೆ ಬೇಳೆ ವಾಯು, ಸೊಪ್ಪು ಶೀತ, ಹಣ್ಣು ಬೇಡ, ನೀರು ಹೆಚ್ಚು ಕುಡಿಯಬಾರದು ಎನ್ನುತ್ತ ಕೊನೆಗೆ ಅನ್ನ, ಮೆಣಸಿನ ಸಾರು ಮಾತ್ರ ಉಳಿಸುವ ಮನೆಗಳಿವೆ. ತಾಯಿ ತಿಂದ ಬೇಳೆಯ ವಾಯು ಹಾಲಿಗೆ ಇಳಿಯುವುದಿಲ್ಲ. ವಾಯು ಆಕೆಯ ಕರುಳಿನಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ಹಾಲೂಡಿಸುವವಳಿಗೆ ಊಟ ಹೆಚ್ಚು ಬೇಕು, ಕಡಿಮೆಯಲ್ಲ. ಒಂದೆರಡು ಲೋಟ ಕಾಫಿಗೆ ಅಡ್ಡಿಯಿಲ್ಲ, ದಿನಕ್ಕೆ ಐದಾರು ಸಲ ಗಟ್ಟಿ ಡಿಕಾಕ್ಷನ್ ಕುಡಿದರೆ ಮಗು ನಿದ್ದೆಗೆಡಬಹುದು. ಆಧಾರವಿರುವ ಒಂದು ಅಪವಾದವೆಂದರೆ ಹಸುವಿನ ಹಾಲಿನ ಪ್ರೋಟೀನಿಗೆ ಒಗ್ಗದ ಕೆಲವು ಮಕ್ಕಳು. ಮಲದಲ್ಲಿ ಲೋಳೆ, ರಕ್ತದ ಗೆರೆ, ಮೈಮೇಲೆ ಕಜ್ಜಿಯಂಥ ಗಂಧೆ, ತೂಕ ಏರದಿರುವುದು ಇವು ಜೊತೆಗಿದ್ದರೆ ವೈದ್ಯರ ಸಲಹೆಯ ಮೇಲೆ ತಾಯಿ ಎರಡು ವಾರ ಹಾಲು, ಮೊಸರು ಬಿಟ್ಟು ನೋಡಬಹುದು. ವ್ಯತ್ಯಾಸ ಕಾಣದಿದ್ದರೆ ಮತ್ತೆ ಆರಂಭಿಸಬೇಕು.

‘ನಿನ್ನ ಹಾಲು ಕೆಟ್ಟಿದೆ, ಡಬ್ಬಿ ಹಾಲು ಹಾಕು’ ಎಂಬ ಮಾತು ಈ ಅಳುವಿನ ಅತಿ ದೊಡ್ಡ ನಷ್ಟ. ಎದೆಹಾಲು ಹೀಗೆ ಕೆಡುವುದಿಲ್ಲ. ಒಮ್ಮೆ ಬಾಟಲಿ ಬಂತೆಂದರೆ ಮಗು ಎದೆ ಚೀಪುವುದು ಕಡಿಮೆಯಾಗಿ ಹಾಲೂ ಕಡಿಮೆಯಾಗುತ್ತದೆ. ಡಬ್ಬಿ ಹಾಲು, ಹಾಲುಣಿಸುವ ಬಾಟಲಿಗಳ ಜಾಹೀರಾತಿಗೆ 1992ರ ಕಾನೂನು ತಡೆ ಹಾಕಿದೆ. ನೆಂಟರ ಬಾಯಿಗೆ ತಡೆ ಹಾಕುವ ಕಾನೂನು ಇನ್ನೂ ಬಂದಿಲ್ಲ.

ಕೈಯಿಂದ ಮಾಡಬಹುದಾದದ್ದು

ಹಾಲೂಡಿಸುವಾಗ ಮೊಲೆತೊಟ್ಟು ಮಾತ್ರವಲ್ಲದೆ ಸುತ್ತಲಿನ ಕಪ್ಪು ಭಾಗವೂ ಬಾಯಿಯೊಳಗೆ ಹೋಗಲಿ; ಗಾಳಿ ನುಂಗುವುದು ತಗ್ಗುತ್ತದೆ. ಒಂದು ಕಡೆಯ ಹಾಲು ಪೂರ್ತಿ ಕುಡಿದು ತಾನಾಗಿ ಬಿಟ್ಟಮೇಲೆ ಇನ್ನೊಂದು ಕಡೆಗೆ ಹಾಕಿ. ಹೆಗಲ ಮೇಲೆ ಹಾಕಿ ಬೆನ್ನು ತಟ್ಟಿ ತೇಗಿಸುವುದರಿಂದ ಕೋಲಿಕ್ ತಪ್ಪುತ್ತದೆಯೇ? ಚಂಡೀಗಢದಲ್ಲಿ 71 ತಾಯಿ-ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಾಗೇನೂ ಕಾಣಲಿಲ್ಲ, ಬದಲಿಗೆ ಹಾಲು ಕಕ್ಕುವುದು ಹೆಚ್ಚಿತು. ತೇಗಿಸುವ ಅಭ್ಯಾಸವಿದ್ದವರು ಬಿಡಬೇಕಿಲ್ಲ. ತೇಗು ಬರಲಿಲ್ಲವೆಂದು ನಿದ್ದೆಗೆ ಜಾರಿದ ಮಗುವನ್ನು ಅರ್ಧ ಗಂಟೆ ತಟ್ಟುತ್ತ ಕೂರುವುದು ಮಾತ್ರ ಬೇಡ.

ಅಳು ಶುರುವಾದಾಗ ಮಗುವನ್ನು ನಿಮ್ಮ ಮುಂಗೈ ಮೇಲೆ ಬೋರಲಾಗಿ, ತಲೆ ಮೊಣಕೈಯ ಹತ್ತಿರ ಬರುವಂತೆ, ಮರದ ಕೊಂಬೆಯ ಮೇಲೆ ಮಲಗಿದ ಹಾಗೆ ಹಿಡಿದು ನಿಧಾನವಾಗಿ ಓಡಾಡಿ. ನಿಮ್ಮ ಕೈಯ ಶಾಖ ಮತ್ತು ಒತ್ತಡ ಹೊಟ್ಟೆಗೆ ಹಿತ. ಬೆಚ್ಚಗಿನ ನೀರಿನ ಸ್ನಾನವನ್ನು ಬೆಳಗಿನ ಬದಲು ಸಂಜೆಗೆ ಇಟ್ಟುಕೊಂಡು ನೋಡಿ. ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹಗುರವಾಗಿ ಎಣ್ಣೆ ಸವರಬಹುದು. ತೊಟ್ಟಿಲಿನ ನಿಧಾನ ತೂಗಾಟ, ಫ್ಯಾನಿನ ಒಂದೇ ಸಮನಾದ ಸದ್ದು, ಲಾಲಿ ಹಾಡು, ಇವುಗಳಲ್ಲಿ ಒಂದೊಂದು ಮಗುವಿಗೆ ಒಂದೊಂದು ಹಿಡಿಸುತ್ತದೆ. ಐದು ನಿಮಿಷಕ್ಕೊಂದು ಉಪಾಯ ಬದಲಿಸಬೇಡಿ. ನಿದ್ದೆ ಹತ್ತಿದ ಮೇಲೆ ಅಂಗಾತವಾಗಿಯೇ ಮಲಗಿಸಬೇಕು. ಬೋರಲಾಗಿ ಮಲಗಿಸುವುದು ಉಸಿರಿಗೆ ಅಪಾಯ.

ಬಾಗಿಲು ಕಿಟಕಿ ಮುಚ್ಚಿ ಸಾಂಬ್ರಾಣಿ ಹೊಗೆ ತುಂಬಿದ ಬಾಣಂತಿ ಕೋಣೆ, ಬಂದ ನೆಂಟರೆಲ್ಲ ಕೈಯಿಂದ ಕೈಗೆ ದಾಟಿಸುವ ಗದ್ದಲ, ಇವು ಅಳುವ ಮಗುವಿಗೆ ಹಿತವಲ್ಲ. ಸಂಜೆ ಮಂದ ಬೆಳಕು, ಒಬ್ಬಿಬ್ಬರ ಪರಿಚಿತ ಕೈ ಸಾಕು. ಮನೆಯೊಳಗೆ ಬೀಡಿ, ಸಿಗರೇಟು ಖಂಡಿತ ಕೂಡದು.

ತಾಯಿಯನ್ನು ಯಾರು ಎತ್ತಿಕೊಳ್ಳುತ್ತಾರೆ?

ಮಗುವಿನ ಅಳುವಿನಿಂದ ಮಗುವಿಗೆ ಆಗುವ ಹಾನಿಗಿಂತ ತಾಯಿಗೆ ಆಗುವ ಹಾನಿ ಹೆಚ್ಚು. ಹೆರಿಗೆಯ ಸುಸ್ತು, ನಿದ್ದೆಗೇಡು, ಜೊತೆಗೆ ಎಲ್ಲರ ಟೀಕೆ. ಇಂಥ ಹೊತ್ತಿನಲ್ಲಿ ಸಹನೆ ಕಟ್ಟೆಯೊಡೆದು ಯಾರಾದರೂ ಕೂಸನ್ನು ಹಿಡಿದು ಜೋರಾಗಿ ಕುಲುಕಿದರೆ, ಕೆಲವೇ ಸೆಕೆಂಡುಗಳಲ್ಲಿ ಮಿದುಳಿನ ರಕ್ತನಾಳ ಹರಿದು ಮಗು ಕುರುಡಾಗಬಹುದು, ಸಾಯಲೂಬಹುದು. ಸಿಟ್ಟು ಮಿತಿಮೀರುತ್ತಿದೆ ಎನಿಸಿದರೆ ಮಗುವನ್ನು ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿ ಹತ್ತು ನಿಮಿಷ ಹೊರಗೆ ಬನ್ನಿ, ಮುಖ ತೊಳೆದು ನೀರು ಕುಡಿಯಿರಿ. ಹತ್ತು ನಿಮಿಷ ಅತ್ತರೆ ಆರೋಗ್ಯವಾದ ಮಗುವಿಗೆ ಏನೂ ಆಗುವುದಿಲ್ಲ.

ಮಗುವಿನ ತಂದೆಗೆ ಒಂದು ಮಾತು. ಸಂಜೆ ಕೆಲಸದಿಂದ ಬಂದು ಔಷಧಿ ಅಂಗಡಿಗೆ ಓಡುವ ಬದಲು ಒಂದು ಗಂಟೆ ಮಗುವನ್ನು ನೀವೇ ಎತ್ತಿಕೊಂಡು ಓಡಾಡಿ, ಆಕೆ ಊಟ ಮಾಡಿ ಮಲಗಲಿ. ಅಂಗಡಿಯ ಯಾವ ಸೀಸೆಗಿಂತಲೂ ಇದು ಹೆಚ್ಚು ಕೆಲಸ ಮಾಡುತ್ತದೆ. ಎರಡು ವಾರ ಕಳೆದರೂ ಆಕೆಗೆ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ‘ನಾನು ಒಳ್ಳೆಯ ತಾಯಿಯಲ್ಲ’ ಎಂದು ಅಳುತ್ತಿದ್ದರೆ ಅದು ಬಾಣಂತಿಯ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆಯಿದೆ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಆಡಿದರೆ ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮೂರು ತಿಂಗಳು ತುಂಬುವ ಹೊತ್ತಿಗೆ ಬಹುತೇಕ ಮಕ್ಕಳಲ್ಲಿ ಈ ಅಳು ಇಳಿದಿರುತ್ತದೆ. ಕೆಲವರಿಗೆ ಇನ್ನೊಂದು ತಿಂಗಳು ಹಿಡಿಯಬಹುದು. ನಾಲ್ಕು ತಿಂಗಳಾದರೂ ಅಳು ತಗ್ಗದಿದ್ದರೆ, ಅಥವಾ ನಿಂತಿದ್ದ ಅಳು ಮತ್ತೆ ಶುರುವಾದರೆ, ತೂಕದ ಚೀಟಿಯನ್ನೂ ಮಗುವಿಗೆ ಇದುವರೆಗೆ ಕೊಟ್ಟ ಔಷಧಿಗಳನ್ನೂ ಮನೆಮದ್ದುಗಳನ್ನೂ ಒಂದನ್ನೂ ಮುಚ್ಚಿಡದೆ ತೆಗೆದುಕೊಂಡು ಹೋಗಿ ಮಕ್ಕಳ ವೈದ್ಯರಿಗೆ ಮತ್ತೊಮ್ಮೆ ತೋರಿಸಿ.